ಡ್ಯಾಫೊಡಿಲ್ ಹೂವೂ ಗ್ರೀಕರ ಕಲಶವೂ

ಶಾಲೆಯಲ್ಲಿ ಇಂಗ್ಲಿಷ್ ಓದಿದ ನಮ್ಮವರಲ್ಲಿ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಪದ್ಯವನ್ನು ಬಾಯಿಪಾಠ ಮಾಡದವರು ಕಡಮೆ. ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಅಜ್ಜನಿಗೋ ಚಿಕ್ಕಪ್ಪನಿಗೋ ಅದರ ಮೊದಲ ನಾಲ್ಕು ಸಾಲು ಇನ್ನೂ ನೆನಪಿದ್ದೀತು. ಆದರೆ ಡ್ಯಾಫೊಡಿಲ್ ಎಂದರೆ ಏನೆಂದು ಕೇಳಿದಿರೋ, ಉತ್ತರ ಒಂದೇ: ಅದೊಂದು ಹಳದಿ ಹೂವು. ಪಾಠದ ಟಿಪ್ಪಣಿಯಲ್ಲಿ ಬರೆಸಿದ್ದೂ ಅಷ್ಟೆ. ಸೇವಂತಿಗೆಯೂ ಹಳದಿ, ಚೆಂಡುಹೂವೂ ಹಳದಿ, ಹುಚ್ಚೆಳ್ಳಿನ ಹೂವೂ ಹಳದಿ. ನಾನಂತೂ ಬಹುಕಾಲ ಹುಚ್ಚೆಳ್ಳಿನ ಹೊಲವನ್ನೇ ಮನಸ್ಸಿನಲ್ಲಿಟ್ಟುಕೊಂಡು ಆ ಪದ್ಯವನ್ನು ಓದಿದವನು. ಅದರಿಂದ ಪದ್ಯಕ್ಕೆ ದೊಡ್ಡ ನಷ್ಟವೇನೂ ಆಗಲಿಲ್ಲವೆಂದು ಆಗ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಏಕೆಂಬುದನ್ನು ಹೇಳುವುದಕ್ಕಾಗಿಯೇ ಈ ಮಾತು.

ಜೊತೆಗೆ ಇನ್ನೊಬ್ಬ ಕವಿಯನ್ನೂ ಕರೆದುಕೊಂಡು ಬಂದಿದ್ದೇನೆ. ಅವನು ಜಾನ್ ಕೀಟ್ಸ್. ಒಬ್ಬನದು ಕೆಲವೇ ದಿನ ಬಾಳುವ ಹೂವಿನ ಪದ್ಯ, ಇನ್ನೊಬ್ಬನದು ಎರಡು ಸಾವಿರ ವರ್ಷ ಬಾಳಿದ ಗ್ರೀಕ್ ಕಲಶದ ಪದ್ಯ. ಎರಡಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ಉಂಟು, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಮೊದಲು ಹೂವಿನ ಕಥೆ. 1802ನೆಯ ಇಸವಿ ಏಪ್ರಿಲ್ 15. ಇಂಗ್ಲೆಂಡಿನ ವಾಯವ್ಯದಲ್ಲಿ ಬೆಟ್ಟಗಳೂ ಸರೋವರಗಳೂ ತುಂಬಿದ ಒಂದು ಸೀಮೆಯಿದೆ. ವರ್ಡ್ಸ್‌ವರ್ತನೂ ಅವನ ತಂಗಿ ಡೊರೋತಿಯೂ ಸ್ನೇಹಿತರಾದ ಕ್ಲಾರ್ಕ್‌ಸನ್ನರ ಮನೆಯಿಂದ ಹೊರಟು ಗ್ರಾಸ್ಮಿಯರಿನ ತಮ್ಮ ಮನೆಯ ಕಡೆಗೆ ಕಾಲ್ನಡಿಗೆಯಲ್ಲಿ ಬರುತ್ತಿದ್ದರು. ಮೋಡ ಕವಿದ ದಿನ; ಗಾಳಿಯೋ ಹೆಜ್ಜೆಯಿಡಗೊಡದಷ್ಟು. ಅಲ್ಸ್‌ವಾಟರ್ ಸರೋವರದ ದಡದಲ್ಲಿ ಗೌಬ್ಯಾರೋ ಎಂಬ ಕಾಡಿನ ಆಚೆಗೆ ಬಂದಾಗ ನೀರಿನಂಚಿನಲ್ಲಿ ನಾಲ್ಕಾರು ಡ್ಯಾಫೊಡಿಲ್‌ಗಳು ಕಂಡವು. ಮುಂದೆ ಹೋದಂತೆ ಇನ್ನಷ್ಟು. ಕೊನೆಗೆ ದಡದುದ್ದಕ್ಕೂ ಒಂದು ರಸ್ತೆಯ ಅಗಲಕ್ಕೆ ಹೂವಿನ ಪಟ್ಟಿಯೇ ಹಾಸಿತ್ತು. ಇದನ್ನೆಲ್ಲ ನಮಗೆ ತಿಳಿಸಿದವಳು ಡೊರೋತಿ. ಅವಳು ದಿನಚರಿ ಬರೆಯುತ್ತಿದ್ದಳು. ದಣಿದ ಕೆಲವು ಹೂಗಳು ಪಾಚಿಗಟ್ಟಿದ ಕಲ್ಲುಗಳನ್ನೇ ದಿಂಬು ಮಾಡಿಕೊಂಡು ತಲೆಯಿಟ್ಟಿದ್ದುದನ್ನೂ ಉಳಿದವು ಸರೋವರದ ಮೇಲಿಂದ ಬೀಸುವ ಗಾಳಿಯೊಡನೆ ಕುಣಿದು ನಗುತ್ತಿದ್ದುದನ್ನೂ ಅವಳು ಬರೆದಿಟ್ಟಿದ್ದಾಳೆ. ಅಂದು ರಾತ್ರಿ ಅಣ್ಣತಂಗಿಯರು ಒಂದು ವಸತಿಗೃಹದಲ್ಲಿ ತಂಗಿದರು. ಅಣ್ಣ ಕಿಟಕಿಯ ಮೂಲೆಯಲ್ಲಿ ಪೇರಿಸಿದ್ದ ಹಳೆಯ ಪುಸ್ತಕಗಳನ್ನು ತೆಗೆದು ತಿರುವಿಹಾಕಿದ. ಬಿಸಿನೀರಿಗೆ ರಮ್ ಬೆರೆಸಿ ಕುಡಿದದ್ದಾಯಿತು. ಮೇರಿ ಜೊತೆಯಲ್ಲಿಲ್ಲವಲ್ಲಾ ಎಂದು ಇಬ್ಬರಿಗೂ ಅನ್ನಿಸಿತು. ಈ ಮೇರಿ ಅದೇ ವರ್ಷ ಅಕ್ಟೋಬರಿನಲ್ಲಿ ವರ್ಡ್ಸ್‌ವರ್ತನ ಕೈಹಿಡಿದವಳು.

ಅಂದು ವರ್ಡ್ಸ್‌ವರ್ತ್ ಪದ್ಯ ಬರೆಯಲಿಲ್ಲ. ಅದು ಹುಟ್ಟಿದ್ದು ಸುಮಾರು ಎರಡು ವರ್ಷ ಕಳೆದ ಮೇಲೆ; ಅಚ್ಚಾದದ್ದು 1807ರಲ್ಲಿ. 1815ರಲ್ಲಿ ಮತ್ತೆ ತಿದ್ದಿ ಒಂದು ಪದ್ಯಭಾಗವನ್ನು ಸೇರಿಸಿದ. ಮೊದಲ ಮುದ್ರಣದಲ್ಲಿ ಹೂಗಳಿಗೆ ಕುಣಿಯುವ ಎಂಬ ವಿಶೇಷಣವಿದ್ದಲ್ಲಿ ಎರಡನೆಯದರಲ್ಲಿ ಹೊನ್ನಿನ ಎಂಬುದು ಬಂದು ಕುಳಿತಿತು. ಒಳಗಣ್ಣಿನ ಮಾತು ಬರುವ ಎರಡು ಸಾಲುಗಳಂತೂ ಮೇರಿ ಹೇಳಿಕೊಟ್ಟವು. ಇದನ್ನು ಕವಿಯೇ ಒಪ್ಪಿಕೊಂಡಿದ್ದಾನೆ. ಆದರೆ ಪದ್ಯದಲ್ಲಿ ಮೇರಿಯೂ ಇಲ್ಲ, ಡೊರೋತಿಯೂ ಇಲ್ಲ. ಅಲ್ಲಿ ಅಲೆಯುವವನು ಒಬ್ಬಂಟಿ. ಕವಿ ಸುಳ್ಳು ಹೇಳಿದನೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ನೆನಪು ಮರಳುವ ಹೊತ್ತಿಗೆ ಮನುಷ್ಯ ಒಬ್ಬಂಟಿಯೇ ಆಗಿರುತ್ತಾನಷ್ಟೆ. ಪದ್ಯದ ವಸ್ತು ಆ ನೆನಪು. ಆದರೂ ನನಗೊಂದು ಅಸಮಾಧಾನ ಉಂಟು. ಅಣ್ಣನ ಪದ್ಯ ಲೋಕವೆಲ್ಲ ಹರಡಿತು. ಅದಕ್ಕೆ ಕಣ್ಣು ಕೊಟ್ಟವಳ ದಿನಚರಿ ಅಚ್ಚಿನ ಮುಖ ಕಂಡದ್ದು 1897ರಲ್ಲಿ, ಅವಳು ತೀರಿಕೊಂಡು 42 ವರ್ಷವಾದ ಮೇಲೆ.

ಈಗ ಹೂವನ್ನೇ ಕೈಗೆತ್ತಿಕೊಳ್ಳೋಣ. ಕ್ಯಾಲೆಂಡರಿನ ಚಿತ್ರಗಳಲ್ಲಿ ಕಾಣುವ ಭಾರಿ ಡ್ಯಾಫೊಡಿಲ್ ಅಲ್ಲ ಇದು. ಅವು ತೋಟಗಾರರು ಬೆಳೆಸಿದ ತಳಿಗಳು. ಅಂಥವು 20,000ಕ್ಕೂ ಮಿಕ್ಕು ಪಟ್ಟಿಯಾಗಿವೆ. ಅಲ್ಸ್‌ವಾಟರಿನದು ಕಾಡುಹೂವು. ಗಿಡದ ಎತ್ತರ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು. ಅಡಿಯಲ್ಲಿ ಈರುಳ್ಳಿಯಂಥ ಗೆಡ್ಡೆ. ಅದರಿಂದ ಪಟ್ಟಿಯಂಥ ನಾಲ್ಕಾರು ಎಲೆಗಳು. ನಡುವೆ ಎಲೆಯಿಲ್ಲದ ಒಂದೇ ದಂಟು. ದಂಟಿನ ತುದಿಯಲ್ಲಿ ಕಾಗದದಂಥ ತೆಳು ಪೊರೆಯನ್ನು ಹರಿದುಕೊಂಡು ಬಂದ ಒಂದೇ ಹೂವು. ಹೂವು ಮೇಲೆ ನೋಡುವುದಿಲ್ಲ. ಕುತ್ತಿಗೆ ಬಾಗಿಸಿ ಪಕ್ಕಕ್ಕೆ ನೋಡುತ್ತದೆ. ಹೊರಗೆ ತಿಳಿಹಳದಿಯ ಆರು ಎಸಳು. ಅವುಗಳ ನಡುವಿನಿಂದ ಗಾಢ ಹಳದಿಯ ಒಂದು ಕಹಳೆ ಮುಂದಕ್ಕೆ ಚಾಚಿದೆ. ಕಹಳೆಯ ಒಳಗೆ ಆರು ಕೇಸರಗಳು. ಬೀಜ ಕಟ್ಟುವ ಅಂಡಾಶಯ ಮಾತ್ರ ಹೂವಿನ ಹಿಂದೆ, ಹಸಿರು ಗಂಟಿನಂತೆ.

ಈ ಕಹಳೆಯೇ ಸಸ್ಯಶಾಸ್ತ್ರಜ್ಞರಿಗೆ ಬಹುಕಾಲ ತಲೆನೋವಾಗಿದ್ದ ಅಂಗ. ಹೂವಿನ ಭಾಗಗಳನ್ನು ನಾವು ಶಾಲೆಯಲ್ಲಿ ನಾಲ್ಕು ಸುತ್ತಾಗಿ ಕಲಿಯುತ್ತೇವೆ: ಹೊರಗಿನ ಪುಷ್ಪಪತ್ರ, ಒಳಗಿನ ದಳ, ಕೇಸರ, ಅಂಡಾಶಯ. ಕಹಳೆ ಇವುಗಳಲ್ಲಿ ಯಾವುದು? ದಳದ ಮುಂದುವರಿಕೆಯೆಂದು ಕೆಲವರು, ಕೇಸರದ ಬಾಲವೆಂದು ಕೆಲವರು. ಆಕ್ಸ್‌ಫರ್ಡಿನ ರಾಬರ್ಟ್ ಸ್ಕಾಟ್ಲೆಂಡ್ ಮತ್ತು ಸಂಗಡಿಗರು ಡ್ಯಾಫೊಡಿಲ್ ಬಳಗದ ಒಂದು ಹೂವನ್ನು ಮೊಗ್ಗಿನ ಮೊಗ್ಗಿನಿಂದಲೇ ಹಿಂಬಾಲಿಸಿ 2013ರಲ್ಲಿ ಉತ್ತರ ಕೊಟ್ಟರು. ಉಳಿದ ಸುತ್ತುಗಳೆಲ್ಲ ರೂಪುಗೊಂಡ ಮೇಲೆ ದಳಕ್ಕೂ ಕೇಸರಕ್ಕೂ ನಡುವೆ ಇದು ತಡವಾಗಿ ತಾನಾಗಿಯೇ ಏಳುತ್ತದೆ. ಯಾವ ಸುತ್ತಿಗೂ ಸೇರಿದ್ದಲ್ಲ. ಆದರೆ ಅದನ್ನು ಕಟ್ಟುವ ವಂಶವಾಹಿಗಳು ಮಾತ್ರ ಕೇಸರದ ಕಡೆಯವು. ನೋಡಲು ದಳದ ಹಾಗೆ, ಸ್ವಭಾವದಲ್ಲಿ ಕೇಸರದ ಹಾಗೆ.

ಇನ್ನು ಕುಣಿತ. ಡೊರೋತಿಯೂ ಕುಣಿಯಿತೆಂದಳು, ಅಣ್ಣನೂ ಕುಣಿಯಿತೆಂದ. ಗಾಳಿಗೆ ಎಲ್ಲ ಹೂವೂ ಅಲುಗುತ್ತವೆ. ಅದರಲ್ಲಿ ಏನು ವಿಶೇಷವೆಂದು ನಾನು ಅಂದುಕೊಂಡಿದ್ದೆ. ಅಮೆರಿಕದ ಷೆಲಿ ಎಟ್ನಿಯರ್ ಮತ್ತು ಸ್ಟೀವನ್ ವೋಗೆಲ್ ಎಂಬ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಲೇಖನವನ್ನು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಡ್ಯಾಫೊಡಿಲ್ ದಂಟನ್ನು ಬಗ್ಗಿಸುವುದಕ್ಕಿಂತ ತಿರುಚುವುದು ಬಹಳ ಸುಲಭ. ಹೂವು ದಂಟಿನ ನೇರಕ್ಕಿಲ್ಲ, ಒಂದು ಪಕ್ಕಕ್ಕೆ ಚಾಚಿಕೊಂಡಿದೆಯಲ್ಲವೆ? ಆದ್ದರಿಂದ ಗಾಳಿ ಬಂದೊಡನೆ ದಂಟು ತಿರುಚಿಕೊಂಡು ಹೂವು ಗಾಳಿಗೆ ಬೆನ್ನು ಮಾಡಿ ನಿಲ್ಲುತ್ತದೆ. ಆಗ ಅದರ ಮೇಲೆ ಬೀಳುವ ಗಾಳಿಯ ಎಳೆತ ಸುಮಾರು ಶೇಕಡಾ 30ರಷ್ಟು ಕಡಮೆಯಾಗುತ್ತದೆ. ದಂಟು ಮುರಿಯದೆ ಉಳಿಯುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಹೂವೂ ತಿರುಗುತ್ತದೆ. ಸಾವಿರಾರು ಹೂಗಳು ಸರೋವರದ ದಡದಲ್ಲಿ ಒಟ್ಟಿಗೆ ಹೀಗೆ ಮುಖ ತಿರುಗಿಸುವುದನ್ನು ಕಣ್ಣಿಗೆ ತಂದುಕೊಳ್ಳಿ. ಹುಚ್ಚೆಳ್ಳಿನ ಹೊಲ ಹೀಗೆ ಮಾಡುವುದಿಲ್ಲ. ಕುಣಿತವೆಂಬುದು ಕವಿಯ ಅಲಂಕಾರವಲ್ಲ, ಆ ಗಿಡದ ಮೈಕಟ್ಟಿನಲ್ಲೇ ಇರುವ ಗುಣ. 1815ರಲ್ಲಿ ಆ ಮಾತನ್ನು ಅಲ್ಲಿಂದ ತೆಗೆದು ಹೊನ್ನನ್ನು ಕೂರಿಸಿದ್ದು ನನ್ನ ಮಟ್ಟಿಗೆ ಅಷ್ಟು ಒಳ್ಳೆಯ ವ್ಯಾಪಾರವಲ್ಲ. ಪುಣ್ಯಕ್ಕೆ ಕುಣಿತ ಪದ್ಯದ ಬೇರೆ ಕಡೆ ಉಳಿದುಕೊಂಡಿದೆ.

ಹೆಸರಿನ ಕಡೆಗೆ ಬರೋಣ. ಸಸ್ಯಶಾಸ್ತ್ರದಲ್ಲಿ ಈ ಕುಲದ ಹೆಸರು ನಾರ್ಸಿಸಸ್. ಗ್ರೀಕ್ ಪುರಾಣದಲ್ಲಿ ನಾರ್ಸಿಸಸ್ ಒಬ್ಬ ಸುಂದರ ಯುವಕ. ಕೊಳದ ನೀರಿನಲ್ಲಿ ತನ್ನ ಪ್ರತಿಬಿಂಬವನ್ನು ಕಂಡು ಅದನ್ನೇ ಮೋಹಿಸಿ, ಅಲ್ಲಿಂದ ಕದಲಲಾರದೆ ಕರಗಿಹೋದ. ಅವನ ದೇಹವಿದ್ದ ಸ್ಥಳದಲ್ಲಿ ಬಿಳಿಯ ಎಸಳಿನ, ಹಳದಿ ನಡುವಿನ ಹೂವೊಂದಿತ್ತೆಂದು ರೋಮನ್ ಕವಿ ಓವಿಡ್ ಹೇಳುತ್ತಾನೆ. ಗಮನಿಸಿ, ಬಿಳಿಯ ಎಸಳು. ಅದು ಗ್ರೀಸಿನ ಕಡೆಯ ಜಾತಿ. ಇಂಗ್ಲೆಂಡಿನ ಹಳದಿ ಹೂವಿಗೆ ಶಾಸ್ತ್ರಜ್ಞರು ಕೊಟ್ಟ ಹೆಸರಿನ ಅರ್ಥ ಹುಸಿ ನಾರ್ಸಿಸಸ್ ಎಂದೇ! ರೋಮಿನ ಪ್ಲಿನಿ ಪಂಡಿತನಂತೂ ಹುಡುಗನ ಕಥೆಯನ್ನೇ ತಳ್ಳಿಹಾಕಿ, ಜೋಮು ಹಿಡಿಸುವುದು ಎಂಬರ್ಥದ ಗ್ರೀಕ್ ಶಬ್ದದಿಂದ ಹೂವಿಗೆ ಈ ಹೆಸರು ಬಂದಿತೆಂದ. ಕಾರಣವಿಲ್ಲದೆ ಹೇಳಿದ್ದಲ್ಲ, ಗೆಡ್ಡೆಯಲ್ಲಿ ವಿಷವಿದೆ. ಇದೇ ಬಳಗದ ಇನ್ನೊಂದು ಹೂವು ಪಾರಸಿ ಉರ್ದು ಕವಿಗಳಿಗೆ ನರ್ಗಿಸ್. ಪ್ರಿಯೆಯ ಕಣ್ಣಿಗೆ ಅವರು ಕೊಡುವ ಉಪಮಾನ. ನಮ್ಮ ಹಿಂದಿ ಚಿತ್ರಗಳ ತಾರೆಯಾಗಿದ್ದ ನರ್ಗಿಸರ ಹೆಸರೂ ಇದೇ ಹೂವಿನದು.

ವಿಷದ ಮಾತು ಬಂತು. 2009ರ ಸಸ್ಯವರ್ಗೀಕರಣದ ಪ್ರಕಾರ ಡ್ಯಾಫೊಡಿಲ್ಲೂ ನಮ್ಮ ಈರುಳ್ಳಿ ಬೆಳ್ಳುಳ್ಳಿಗಳೂ ಒಂದೇ ಕುಟುಂಬ. ಮೊದಲ ಮಳೆಗೆ ನಿಮ್ಮ ಅಂಗಳದಲ್ಲಿ ತಟ್ಟನೆ ಅರಳುವ ಮಳೆಲಿಲ್ಲಿಯೂ ಅದರಲ್ಲೇ ಸೇರಿದ್ದು. ದಾಯಾದಿಗಳಲ್ಲಿ ಒಬ್ಬ ಅಡಿಗೆಮನೆಗೆ ಬಂದ, ಇನ್ನೊಬ್ಬ ಬಂದರೆ ವಾಂತಿ ಹಿಡಿಸುತ್ತಾನೆ. ಎರಡರ ಗೆಡ್ಡೆಯನ್ನೂ ಒಟ್ಟಿಗೆ ಇಡಬೇಡಿರೆಂದು ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು 2015ರಲ್ಲಿ ಅಂಗಡಿಯವರನ್ನು ಎಚ್ಚರಿಸಬೇಕಾಯಿತು. ಆದರೆ ಇದೇ ಗೆಡ್ಡೆಯಲ್ಲಿ ಗ್ಯಾಲಂಟಮೀನ್ ಎಂಬ ವಸ್ತುವೂ ಇದೆ. ಮುಪ್ಪಿನಲ್ಲಿ ನೆನಪು ಅಳಿಸಿಹೋಗುವ ಆಲ್ಜೈಮರ್ ರೋಗಕ್ಕೆ ಅದನ್ನು ಔಷಧವಾಗಿ ಕೊಡುತ್ತಾರೆ. ರೋಗ ವಾಸಿಯಾಗುವುದಿಲ್ಲ, ಕೆಲವರಲ್ಲಿ ಸ್ವಲ್ಪ ಕಾಲ ತಡೆಹಿಡಿದಂತಾಗುತ್ತದೆ. ನೆನಪಿನ ಪದ್ಯಕ್ಕೆ ವಸ್ತುವಾದ ಹೂವು ಇದು. ಡೊರೋತಿಯೋ ತನ್ನ ಕೊನೆಯ ಇಪ್ಪತ್ತು ವರ್ಷವನ್ನು ಬುದ್ಧಿ ಮಂಕಾದ ಸ್ಥಿತಿಯಲ್ಲಿ ಕಳೆದಳು.

ಇಲ್ಲಿಯವರೆಗೆ ಕೇಳಿದ ನಿಮ್ಮಲ್ಲಿ ಯಾರಾದರೂ ಆಕ್ಷೇಪಿಸಬಹುದು: ಹೂವನ್ನು ಹೀಗೆ ಸಿಗಿದು ಎಣಿಸಿದ ಮೇಲೆ ಕಾವ್ಯ ಎಲ್ಲಿ ಉಳಿಯಿತು? ಇದು ಹಳೆಯ ಜಗಳ. ಅದರ ಒಂದು ಪ್ರಸಿದ್ಧ ಪ್ರಸಂಗದಲ್ಲಿ ನಮ್ಮ ಇಬ್ಬರು ಕವಿಗಳೂ ಹಾಜರಿದ್ದರು. 1817ನೆಯ ಡಿಸೆಂಬರ್ 28ರಂದು ಲಂಡನ್ನಿನಲ್ಲಿ ಬೆಂಜಮಿನ್ ಹೇಡನ್ ಎಂಬ ಚಿತ್ರಕಾರ ತನ್ನ ಚಿತ್ರಶಾಲೆಯಲ್ಲಿ ಒಂದು ಔತಣ ಮಾಡಿದ. ವರ್ಡ್ಸ್‌ವರ್ತನಿಗೆ ಆಗ 47 ವರ್ಷ, ಕೀಟ್ಸನಿಗೆ 22. ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಕೂಡ ಬಂದಿದ್ದ, ಸ್ವಲ್ಪ ಹೆಚ್ಚಾಗಿಯೇ ಕುಡಿದಿದ್ದ. ಗೋಡೆಗೆ ಆನಿಸಿದ ಹೇಡನ್ನನ ದೊಡ್ಡ ಚಿತ್ರದಲ್ಲಿ ನ್ಯೂಟನ್ನನ ಮುಖವೂ ಇತ್ತು. ಅದನ್ನು ಕಂಡು ಲ್ಯಾಂಬ್ ತಕರಾರು ತೆಗೆದ. ಕಾಮನಬಿಲ್ಲನ್ನು ಗಾಜಿನ ಪಟ್ಟಕದ ಬಣ್ಣಗಳಿಗೆ ಇಳಿಸಿ ಅದರ ಕಾವ್ಯವನ್ನೆಲ್ಲ ನ್ಯೂಟನ್ ಹಾಳುಮಾಡಿದನೆಂದು ಅವನೂ ಕೀಟ್ಸನೂ ಒಮ್ಮತಕ್ಕೆ ಬಂದರು. ನ್ಯೂಟನ್ನನ ಆರೋಗ್ಯಕ್ಕೂ ಗಣಿತದ ಗೊಂದಲಕ್ಕೂ ಎಂದು ಎಲ್ಲರೂ ನಗುತ್ತಾ ಬಟ್ಟಲೆತ್ತಿದರು.

ಹಾಗೆ ಬಟ್ಟಲೆತ್ತಿದ ಕೀಟ್ಸ್ ಯಾರು? ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯ ಕಲಿತವನು. 1816ರಲ್ಲಿ ಪರೀಕ್ಷೆ ಕೊಟ್ಟು ಔಷಧ ಕೊಡುವ ಪರವಾನಗಿಯನ್ನೂ ಪಡೆದವನು. ಆ ಓದಿನಲ್ಲಿ ಸಸ್ಯಶಾಸ್ತ್ರವೂ ಒಂದು ಭಾಗ. ಹೂವನ್ನು ಸಿಗಿಯುವ ವಿದ್ಯೆ ಅವನಿಗೆ ತಿಳಿಯದ್ದಲ್ಲ. 1817ರಲ್ಲಿ ಬಂದ ಅವನ ಮೊದಲ ಸಂಕಲನದಲ್ಲೇ ನಾರ್ಸಿಸಸ್ ಯುವಕನ ಕಥೆ ಬರುತ್ತದೆ; ಮರುವರ್ಷದ 'ಎಂಡಿಮಿಯನ್' ಕಾವ್ಯದ ಆರಂಭದಲ್ಲಿ, ಮನುಷ್ಯನ ದುಗುಡವನ್ನು ಸರಿಸುವ ಸುಂದರ ವಸ್ತುಗಳನ್ನು ಎಣಿಸುವಾಗ ಡ್ಯಾಫೊಡಿಲ್ ಕೂಡ ಸೇರಿದೆ.

ಕೀಟ್ಸನಿಗೆ ಗ್ರೀಕ್ ಭಾಷೆ ಬರುತ್ತಿರಲಿಲ್ಲ. ಗ್ರೀಸ್ ದೇಶವನ್ನು ಅವನು ನೋಡಲಿಲ್ಲ. ಹೋಮರನನ್ನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ, ದೇವತೆಗಳ ಪರಿಚಯ ಒಂದು ನಿಘಂಟಿನಿಂದ. ಅಂಥವನು ಗ್ರೀಕ್ ಕಲೆಯನ್ನು ಎದುರೆದುರು ಕಂಡದ್ದು ಲಂಡನ್ನಿನಲ್ಲೇ. ಅಥೆನ್ಸಿನ ಪಾರ್ಥೆನಾನ್ ದೇವಾಲಯ ಕ್ರಿ.ಪೂ. 447ರಿಂದ 432ರ ವರೆಗೆ ಕಟ್ಟಿದ್ದು. ಅದರ ಸುತ್ತ ಸುಮಾರು 160 ಮೀಟರ್ ಉದ್ದದ ಉಬ್ಬುಕೆತ್ತನೆಯ ಪಟ್ಟಿಕೆಯಿತ್ತು: ಕುದುರೆ ಸವಾರರು, ಕೊಡ ಹೊತ್ತವರು, ಬಲಿಗೆ ಹೊರಟ ಹಸುಗಳು. ತುರ್ಕರ ಆಳ್ವಿಕೆಯ ಕಾಲದಲ್ಲಿ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ ಅದರಲ್ಲಿ ಸುಮಾರು ಅರ್ಧದಷ್ಟನ್ನು 1801ರಿಂದ ಕಳಚಿ ತಂದ. 1816ರಲ್ಲಿ ಸರಕಾರ ಅವನ್ನು 35,000 ಪೌಂಡಿಗೆ ಕೊಂಡು ಬ್ರಿಟಿಷ್ ಮ್ಯೂಸಿಯಂನಲ್ಲಿ ಇರಿಸಿತು. ಇದು ಲೂಟಿಯೆಂದು ಬೈರನ್ ಕವಿ ಅಂದೇ ಬೈದು ಬರೆದ. ಆ ಶಿಲ್ಪಗಳ ಹಿರಿಮೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಸಾರಿದವನು ನಮ್ಮ ಔತಣದ ಹೇಡನ್. 1817ರ ಮಾರ್ಚಿನಲ್ಲಿ ಅವನೇ ಕೀಟ್ಸನನ್ನು ಅಲ್ಲಿಗೆ ಕರೆದೊಯ್ದ. ಕೂಡಲೆ ಕೀಟ್ಸ್ ಒಂದು ಸಾನೆಟ್ ಬರೆದ. ಅದರಲ್ಲಿ ಸಂತೋಷಕ್ಕಿಂತ ತಲೆಸುತ್ತು ಹೆಚ್ಚು. ತಾನು ಸಾಯಬೇಕಾದವನು ಎಂಬ ಅರಿವು ಆ ಕಲ್ಲುಗಳ ಮುಂದೆ ಅವನ ಮೇಲೆ ಬಂದು ಬಿದ್ದಿತು.

ಎರಡು ವರ್ಷ ಕಳೆಯಿತು. 1818ರ ಡಿಸೆಂಬರ್ ಒಂದರಂದು ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡ; ವಯಸ್ಸು 19. ಹಾಸಿಗೆಯ ಪಕ್ಕದಲ್ಲಿದ್ದು ಆರೈಕೆ ಮಾಡಿದವನು ಕೀಟ್ಸ್. ಮುಂದಿನ ವಸಂತದಲ್ಲಿ ಗ್ರೀಕ್ ಕಲಶದ ಮೇಲಿನ ಪ್ರಗಾಥ ಬಂತು. ಯಾವ ಕಲಶ? ಅಂಥದೊಂದು ಪಾತ್ರೆ ಎಲ್ಲಿಯೂ ಇಲ್ಲ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಸೊಸಿಬಿಯಸ್ ಎಂಬವನ ಹೆಸರು ಕೆತ್ತಿದ ಅಮೃತಶಿಲೆಯ ಒಂದು ಪಾತ್ರೆಯಿದೆ. ಕೀಟ್ಸ್ ಅದರ ಚಿತ್ರದ ಮೇಲೆ ಕಾಗದವಿಟ್ಟು ಎಳೆದನೆನ್ನುವ ರೇಖಾಚಿತ್ರ ರೋಮಿನಲ್ಲಿ ಅವನು ತೀರಿಕೊಂಡ ಮನೆಯಲ್ಲಿದೆ. ಬಲಿಯ ಹಸುವಿನ ನೆನಪು ಪಾರ್ಥೆನಾನ್ ಪಟ್ಟಿಕೆಯದೆಂದು ಅನೇಕರ ಮತ. ಹೀಗೆ ಹಲವನ್ನು ಕೂಡಿಸಿ ಅವನು ಮನಸ್ಸಿನಲ್ಲೇ ಕಲಶವೊಂದನ್ನು ತಿರುಗಿಸಿದ, ನಮ್ಮ ಕುಂಬಾರ ತಿಗರಿಯಲ್ಲಿ ತಿರುಗಿಸುವ ಹಾಗೆ. ಒಂದು ಮಗ್ಗುಲಲ್ಲಿ ಕೊಳಲೂದುವವನು, ಮುತ್ತಿಡಲು ಬಾಗಿದ ಪ್ರೇಮಿ, ಎಲೆ ಉದುರದ ಮರ. ಪ್ರೇಮಿಗೆ ಮುತ್ತು ಎಂದೂ ದಕ್ಕದು, ಆದರೆ ಅವಳು ಎಂದೂ ಮುದುಕಿಯಾಗಳು. ಇನ್ನೊಂದು ಮಗ್ಗುಲಲ್ಲಿ ಬಲಿಗೆ ಹೊರಟ ಜನ. ಅವರು ಬಿಟ್ಟುಬಂದ ಊರು ಕಲಶದ ಮೇಲೆ ಇಲ್ಲವೇ ಇಲ್ಲ. ಕವಿ ಅದನ್ನು ಊಹಿಸುತ್ತಾನೆ. ಕಲಶದಲ್ಲಿ ನಿಂತುಹೋದವರು ಮನೆಗೆ ಮರಳಲಾರರು. ಆದ್ದರಿಂದ ಆ ಊರಿನ ಬೀದಿಗಳು ಎಂದೆಂದಿಗೂ ಬರಿದು. ಪದ್ಯದ ಕೊನೆಯಲ್ಲಿ ಬರುವ ಸತ್ಯಸೌಂದರ್ಯಗಳ ವಾಕ್ಯದ ಮೇಲೆ ಪಂಡಿತರು ಕಾದಾಡಿದ್ದೇ ಕಾದಾಡಿದ್ದು. ನನಗೆ ಆ ವಾಕ್ಯಕ್ಕಿಂತ ಆ ಬರಿದಾದ ಊರು ಹೆಚ್ಚು ಕಾಡುತ್ತದೆ. ಚಿರಂತನವಾಗಿರುವುದಕ್ಕೆ ತೆರಬೇಕಾದ ಬೆಲೆಯೇನೆಂಬುದು ಅಲ್ಲಿದೆ.

ಈಗ ಡ್ಯಾಫೊಡಿಲ್ ಗೆಡ್ಡೆಗೆ ಮತ್ತೊಮ್ಮೆ ಬನ್ನಿ. ಹೂವು ಬಾಡಿದ ಮೇಲೂ ಗಿಡದ ಎಲೆ ಹಲವು ವಾರ ಹಸಿರಾಗಿರುತ್ತದೆ. ಬಿಸಿಲನ್ನುಂಡು ಆಹಾರ ಮಾಡಿ ಗೆಡ್ಡೆಗೆ ಇಳಿಸುವ ಕೆಲಸ ಆಗ ನಡೆಯುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಎಲೆಯನ್ನು ಬೇಗ ಕೊಯ್ದರೆ ಮರುವರ್ಷ ಹೂವು ಬಡವಾಗುತ್ತದೆ, ಇಲ್ಲವೆ ಬರುವುದೇ ಇಲ್ಲ; ಅಲ್ಲಿಯ ತೋಟಗಾರರಿಗೆಲ್ಲ ತಿಳಿದ ಸಂಗತಿ ಇದು. ಎಲೆ ಹಳದಿಯಾಗಿ ಮಲಗಿ ಒಣಗಬೇಕು. ಅಷ್ಟರಲ್ಲಿ ನೆಲದೊಳಗೆ, ಗೆಡ್ಡೆಯ ನಡುವೆ, ಬರುವ ವರ್ಷದ ಮೊಗ್ಗು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಮೂಡತೊಡಗುತ್ತದೆ. ಮುಂದೆ ಹಲವಾರು ವಾರಗಳ ಕಡುಚಳಿ ತಗಲದೆ ದಂಟು ಮೇಲೇಳುವುದಿಲ್ಲ. ಬೆಂಗಳೂರಿನ ಚಳಿ ಅದಕ್ಕೆ ಚಳಿಯೇ ಅಲ್ಲ. ಬೀಜದಿಂದ ಹುಟ್ಟಿದ ಗಿಡವಾದರೆ ಮೊದಲ ಹೂವಿಗೆ ನಾಲ್ಕೈದು ವರ್ಷವಾದರೂ ಕಾಯಬೇಕು. 1802ರಲ್ಲಿ ಅಣ್ಣತಂಗಿಯರು ಕಂಡ ಹೂವಿನ ಪಟ್ಟಿ ಹೀಗೆ ಎಷ್ಟೋ ವರ್ಷಗಳ ಒಣಗಿದ ಎಲೆಗಳ ಗಳಿಕೆ. ಕಲಶದ ಮರಕ್ಕೆ ಎಲೆ ಉದುರಿಸುವ ಹಕ್ಕಿಲ್ಲ. ಆದ್ದರಿಂದಲೇ ಅದಕ್ಕೆ ಮುಂದಿನ ವಸಂತವೂ ಇಲ್ಲ. ವೈದ್ಯ ಕಲಿತ ಕೀಟ್ಸನಿಗೆ ಇದು ಹೊಳೆಯದೆ ಇದ್ದಿರಲಾರದು. ಅದಕ್ಕೇ ಇರಬೇಕು, ಕಲಶವನ್ನು ಅಷ್ಟು ಹೊಗಳಿದವನೇ ಕೊನೆಗೆ ಅದರ ತಣ್ಣಗಿನ ಮೈಯನ್ನೂ ನೆನೆಯುತ್ತಾನೆ.

ಕಲ್ಲು ಕೂಡ ಮೊದಲು ಅಷ್ಟು ತಣ್ಣಗೆ ಇರಲಿಲ್ಲ. ಪಾರ್ಥೆನಾನ್ ಶಿಲ್ಪಗಳಿಗೆ ಗ್ರೀಕರು ಬಣ್ಣ ಹಚ್ಚಿದ್ದರು. ಬಿಸಿಲು ಮಳೆಗಳಿಗೆ ಅದು ಹೋಯಿತು. 1930ರ ದಶಕದ ಕೊನೆಯಲ್ಲಿ ಬೆಳ್ಳಗೆ ಮಾಡುವ ಹುಮ್ಮಸ್ಸಿನಲ್ಲಿ ಲಂಡನ್ನಿನಲ್ಲೇ ಕೆಲವನ್ನು ಲೋಹದ ಉಪಕರಣಗಳಿಂದ ಕೆರೆದದ್ದೂ ಉಂಟು. 2009ರಲ್ಲಿ ಜೊವಾನಿ ವೆರ್ರಿ ಎಂಬ ಸಂಶೋಧಕ ವಿಶೇಷ ಬೆಳಕಿನಲ್ಲಿ ಪರೀಕ್ಷಿಸಿದಾಗ ಐರಿಸ್ ದೇವತೆಯ ನಡುಪಟ್ಟಿಯಲ್ಲಿ ಈಜಿಪ್ಟಿನ ನೀಲಿಬಣ್ಣದ ಕಣಗಳು ಹೊಳೆದವು. ಈ ಐರಿಸ್ ಯಾರು ಬಲ್ಲಿರಾ? ಗ್ರೀಕರ ಕಾಮನಬಿಲ್ಲಿನ ದೇವತೆ. ಔತಣದಲ್ಲಿ ನ್ಯೂಟನ್ನನನ್ನು ಬೈದವರಿಗೆ ಇದನ್ನು ಹೇಳಿದ್ದರೆ ಏನೆನ್ನುತ್ತಿದ್ದರೋ!

ಕೀಟ್ಸ್ 1821ರ ಫೆಬ್ರುವರಿ 23ರಂದು ರೋಮಿನಲ್ಲಿ ತೀರಿಕೊಂಡ. ತಮ್ಮನ ರೋಗವೇ ಅವನದೂ. ವಯಸ್ಸು ಇಪ್ಪತ್ತೈದು. ವರ್ಡ್ಸ್‌ವರ್ತ್ ಎಂಬತ್ತು ವರ್ಷ ಬಾಳಿ 1850ರ ಏಪ್ರಿಲಿನಲ್ಲಿ, ಅವನ ಹೂವು ಅರಳುವ ತಿಂಗಳಿನಲ್ಲೇ, ಕಣ್ಣು ಮುಚ್ಚಿದ.

ಮನೆಯಲ್ಲಿ ಮಕ್ಕಳು ಆ ಪದ್ಯ ಓದುತ್ತಾ ಡ್ಯಾಫೊಡಿಲ್ ಎಂದರೇನೆಂದು ಕೇಳಿದರೆ ಹಳದಿ ಹೂವೆಂದು ಹೇಳಿ ಕಳುಹಿಸಬೇಡಿ. ಅಡಿಗೆಮನೆಯಿಂದ ಮೊಳಕೆ ಬರತೊಡಗಿದ ಈರುಳ್ಳಿಯೊಂದನ್ನು ತಂದು ಮೇಲಿನಿಂದ ಕೆಳಕ್ಕೆ ಸೀಳಿ. ಪದರದೊಳಗೆ ಪದರ, ನಡುವೆ ತಿಳಿಹಸಿರಿನ ಕುಡಿ ಕಾಣುತ್ತದೆ. ಅದು ಕಂಡ ಮೇಲೆ ಸರೋವರದ ದಡ, ಗಾಳಿ, ಅಣ್ಣತಂಗಿಯರು, ಇವನ್ನೆಲ್ಲ ಹೇಳಬಹುದು.